‘ಕೊರೊನಾ ಬ್ಯಾಚ್’ ಎಂಬ ಹಣೆಪಟ್ಟಿ

ಕಳೆದ ತಿಂಗಳು ಬೆಂಗಳೂರಿನ ಒಂದು ಕಂಪನಿಗೆ ಸಂದರ್ಶನಕ್ಕೆ ಹೋಗಿದ್ದೆ. ಫೈಲ್ ತಿರುವಿ ಹಾಕುತ್ತಿದ್ದ ಅಧಿಕಾರಿ ನನ್ನ ದ್ವಿತೀಯ ಪಿಯುಸಿ ಅಂಕಪಟ್ಟಿಯ ಮೇಲೆ ಬೆರಳಿಟ್ಟು, ‘2021? ಓ, ನೀವು ಕೊರೊನಾ ಬ್ಯಾಚಾ?’ ಎಂದರು. ಪಕ್ಕದಲ್ಲಿದ್ದವರು ನಕ್ಕರು. ನಾನೂ ನಕ್ಕೆ. ಕೆಲಸ ಬೇಕಾದವರು ಇನ್ನೇನು ಮಾಡಲು ಸಾಧ್ಯ? ಆಮೇಲೆ ಬಸ್ಸಿನಲ್ಲಿ ಕುಳಿತಾಗ ಆ ಪ್ರಶ್ನೆಗೆ ಕೊಡಬೇಕಿದ್ದ ಉತ್ತರಗಳೆಲ್ಲ ಒಂದೊಂದಾಗಿ ನೆನಪಾದವು. ಈ ಬರಹ ಆ ಉತ್ತರವೇ.

ನಮ್ಮ ಫಲಿತಾಂಶ ಬಂದದ್ದು 2021ರ ಜುಲೈ 20ರಂದು. ಅದಾಗಿ ವರ್ಷಗಳೇ ಕಳೆದಿವೆ. ಆ ದಿನ ಸುಮಾರು 6.66 ಲಕ್ಷ ವಿದ್ಯಾರ್ಥಿಗಳು ಒಬ್ಬರೂ ಬಿಡದೆ ಪಾಸಾದೆವು. 2,239 ಮಂದಿಗೆ 600ಕ್ಕೆ 600 ಅಂಕ ಬಂದಿತ್ತು. ಅವರಲ್ಲಿ 1,929 ಮಂದಿ ವಿಜ್ಞಾನದವರು, 292 ಮಂದಿ ವಾಣಿಜ್ಯದವರು, 18 ಮಂದಿ ಕಲಾ ವಿಭಾಗದವರು. ಈ ಸಂಖ್ಯೆಗಳನ್ನು ನೋಡಿದ ಯಾರಿಗೇ ಆದರೂ ಅನುಮಾನ ಬರುವುದು ಸಹಜ. 2019ರಲ್ಲಿ ಶೇ 61.73, 2020ರಲ್ಲಿ ಶೇ 61.80, ನಮ್ಮ ನಂತರ 2022ರಲ್ಲಿ ಶೇ 61.88. ಮಧ್ಯದಲ್ಲಿ ನಮ್ಮದು ಮಾತ್ರ ನೂರಕ್ಕೆ ನೂರು. ‘ಇವರಿಗೆ ಪುಕ್ಕಟೆ ಅಂಕ ಸಿಕ್ಕಿತು’ ಎಂದು ಜನ ಆಡಿಕೊಂಡದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಆದರೆ ಆ ನೂರರ ಒಳಗೆ ಒಂದೇ ಕಥೆ ಇಲ್ಲ. ಕೆಲವರಿಗೆ ಅದು ನಿಜಕ್ಕೂ ವರ. ಇನ್ನು ಕೆಲವರಿಗೆ, ಮೇಲೇಳುತ್ತಿದ್ದ ಹೊತ್ತಿನಲ್ಲೇ ಏಣಿ ಎಳೆದಂತೆ ಆಯಿತು. ನಾನು ಎರಡನೆಯ ಗುಂಪಿನವಳು.

ಕಡೆಯ ವರ್ಷಕ್ಕೆ ಹತ್ತೇ ಅಂಕ

ಮೇ 24ರಿಂದ ಪರೀಕ್ಷೆ ಎಂದು ವೇಳಾಪಟ್ಟಿ ಬಂದಿತ್ತು. ಎರಡನೇ ಅಲೆ ಜೋರಾಗಿ ಮೊದಲು ಮುಂದೂಡಿದರು. ಜೂನ್ 4ರಂದು ಆಗಿನ ಶಿಕ್ಷಣ ಸಚಿವ ಎಸ್. ಸುರೇಶ್ ಕುಮಾರ್ ಪರೀಕ್ಷೆ ರದ್ದು ಎಂದು ಪ್ರಕಟಿಸಿದರು. ಆಕ್ಸಿಜನ್‌ಗೆ, ಹಾಸಿಗೆಗೆ ಜನ ಅಲೆಯುತ್ತಿದ್ದ ದಿನಗಳು ಆಗಷ್ಟೇ ಕಳೆದಿದ್ದವು. ನಮ್ಮ ಬೀದಿಯಲ್ಲೇ ಎರಡು ಮನೆಗಳಲ್ಲಿ ಸಾವಾಗಿತ್ತು. ಅಂಥ ಹೊತ್ತಿನಲ್ಲಿ ಪರೀಕ್ಷೆ ಬೇಡ ಎಂದದ್ದನ್ನು ತಪ್ಪು ಎನ್ನಲು ನನಗೆ ಮನಸ್ಸಿಲ್ಲ. ನೆರೆಯ ಕೇರಳ ಏಪ್ರಿಲ್‌ನಲ್ಲೇ ತನ್ನ ಪ್ಲಸ್ ಟು ಪರೀಕ್ಷೆ ಮುಗಿಸಿತ್ತು ನಿಜ. ನಮ್ಮಲ್ಲಿ ಜನವರಿ 1ಕ್ಕೆ ಕಾಲೇಜು ಬಾಗಿಲು ತೆರೆದದ್ದರಿಂದ ಪಾಠವೇ ಅಷ್ಟು ಹೊತ್ತಿಗೆ ಮುಗಿಯುವಂತಿರಲಿಲ್ಲ.

ನನ್ನ ತಕರಾರು ರದ್ದತಿಯ ಬಗ್ಗೆ ಅಲ್ಲ, ಅಂಕ ಕೊಟ್ಟ ಸೂತ್ರದ ಬಗ್ಗೆ. ಎಸ್ಸೆಸ್ಸೆಲ್ಸಿಗೆ ಶೇ 45, ಪ್ರಥಮ ಪಿಯುಸಿಗೆ ಶೇ 45, ದ್ವಿತೀಯ ಪಿಯುಸಿಯ ಆಂತರಿಕ ಮೌಲ್ಯಮಾಪನಕ್ಕೆ ಶೇ 10. ಅಂದರೆ ದ್ವಿತೀಯ ಪಿಯುಸಿ ಅಂಕಪಟ್ಟಿಯಲ್ಲಿ ದ್ವಿತೀಯ ಪಿಯುಸಿ ಓದಿದ್ದಕ್ಕೆ ಇದ್ದ ಬೆಲೆ ಹತ್ತನೇ ಒಂದು ಭಾಗ. ಅದೇ ವರ್ಷ ಸಿಬಿಎಸ್‌ಇ ಕೂಡ 12ನೇ ತರಗತಿ ಪರೀಕ್ಷೆ ರದ್ದು ಮಾಡಿತು. ಅವರ ಸೂತ್ರದಲ್ಲಿ 10ನೇ ತರಗತಿಗೆ 30, 11ಕ್ಕೆ 30, 12ಕ್ಕೆ 40 ಇತ್ತು. ಕಡೆಯ ವರ್ಷದ ತೂಕ ನಮ್ಮದಕ್ಕಿಂತ ನಾಲ್ಕು ಪಟ್ಟು.

ನಮ್ಮವರು ಯಾಕೆ ಹಾಗೆ ಮಾಡಲಿಲ್ಲ ಎಂಬುದನ್ನು ಊಹಿಸುವುದು ಕಷ್ಟವಲ್ಲ. 12ನೇ ತರಗತಿಗೆ 40 ಕೊಡಬೇಕಾದರೆ ಆ ವರ್ಷ ನಡೆಸಿದ ಪರೀಕ್ಷೆಗಳ ದಾಖಲೆ ಎಲ್ಲ ಕಾಲೇಜುಗಳಲ್ಲೂ ಒಂದೇ ಸಮನಾಗಿ ಇರಬೇಕು. ಆನ್‌ಲೈನ್‌ನಲ್ಲಿ ವಾರಕ್ಕೊಂದು ಟೆಸ್ಟ್ ಮಾಡಿದ ನಗರದ ಕಾಲೇಜು ಒಂದು ಕಡೆ, ನೆಟ್‌ವರ್ಕ್ ಸಿಗದ ಊರುಗಳಿಂದ ಮಕ್ಕಳು ಬರುವ ಸರ್ಕಾರಿ ಕಾಲೇಜು ಇನ್ನೊಂದು ಕಡೆ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ನಮಗೆ ಇನ್ನೂ ಅನ್ಯಾಯವಾಗುತ್ತಿತ್ತು. ಬೋರ್ಡು ಪರೀಕ್ಷೆಯಾದ ಎಸ್ಸೆಸ್ಸೆಲ್ಸಿ ಅಂಕ ಎಲ್ಲರದ್ದೂ ಕೈಯಲ್ಲಿತ್ತು. ಇದ್ದುದನ್ನು ಹಿಡಿದುಕೊಂಡರು. ಒಪ್ಪೋಣ.

ಹಾಗೆ ಹಿಡಿದುಕೊಂಡಾಗ ಯಾರು ಕೈತಪ್ಪಿದರು ಎಂಬುದನ್ನು ಮಾತ್ರ ಯಾರೂ ಲೆಕ್ಕ ಹಾಕಲಿಲ್ಲ.

ಬಿದ್ದ ವರ್ಷ, ಎದ್ದ ವರ್ಷ

ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ವಿಜ್ಞಾನ ತೆಗೆದುಕೊಂಡವರಿಗೆ ನಾನು ಹೇಳುವುದು ತಕ್ಷಣ ಅರ್ಥವಾಗುತ್ತದೆ. ಹೈಸ್ಕೂಲಿನಲ್ಲಿ ‘ವೇಗೋತ್ಕರ್ಷ’ ಎಂದು ಕಲಿತದ್ದು ಪಿಯುಸಿಯ ಮೊದಲ ವಾರವೇ ‘ಆಕ್ಸಲರೇಷನ್’ ಆಗುತ್ತದೆ. ದ್ಯುತಿಸಂಶ್ಲೇಷಣೆ ಹೋಗಿ ‘ಫೋಟೊಸಿಂಥೆಸಿಸ್’ ಬರುತ್ತದೆ. ವಿಷಯ ಗೊತ್ತಿರುತ್ತದೆ, ಪ್ರಶ್ನೆಯೇ ಅರ್ಥವಾಗುವುದಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಶೇ 78 ತೆಗೆದಿದ್ದ ನಾನು ಪ್ರಥಮ ಪಿಯುಸಿಯಲ್ಲಿ ಶೇ 57ಕ್ಕೆ ಇಳಿದೆ. ಭೌತಶಾಸ್ತ್ರದಲ್ಲಿ ನೂರಕ್ಕೆ 41. ಮನೆಯಲ್ಲಿ ಹೇಳಲಾಗದೆ ಅಂಕಪಟ್ಟಿಯನ್ನು ಎರಡು ದಿನ ಬ್ಯಾಗಿನಲ್ಲೇ ಇಟ್ಟುಕೊಂಡಿದ್ದೆ.

ಆಗ ಭೌತಶಾಸ್ತ್ರದ ಮೇಷ್ಟ್ರು ಹೇಳಿದ್ದು ಒಂದೇ ಮಾತು: ‘ಫಸ್ಟ್ ಪಿಯುಸಿ ಅಂಕ ಯಾರೂ ಕೇಳಲ್ಲಮ್ಮ. ಈ ವರ್ಷ ಭಾಷೆ ಕಲಿ, ಮುಂದಿನ ವರ್ಷ ಅಂಕ ತೆಗೆ.’ ಅವರು ಸುಳ್ಳು ಹೇಳಲಿಲ್ಲ. ಅಲ್ಲಿಯವರೆಗೆ ಅದೇ ನಿಜವಾಗಿತ್ತು. ಪ್ರಥಮ ಪಿಯುಸಿಯನ್ನು ಉಸಿರು ತೆಗೆದುಕೊಳ್ಳುವ ವರ್ಷ ಎಂದು ನಂಬಿದವರು ರಾಜ್ಯದ ತುಂಬ ಇದ್ದರು. ಆ ವರ್ಷದ ಅಂಕಕ್ಕೆ ಮುಂದೊಂದು ದಿನ ಶೇ 45 ತೂಕ ಬರುತ್ತದೆ ಎಂದು ನಮ್ಮಲ್ಲಿ ಯಾರಿಗೆ ಗೊತ್ತಿತ್ತು?

ನಂತರ ಬಂದದ್ದು ಲಾಕ್‌ಡೌನ್. ಮನೆಯಲ್ಲಿದ್ದದ್ದು ಅಪ್ಪನ ಒಂದು ಸ್ಮಾರ್ಟ್‌ಫೋನ್. ಒಂಬತ್ತನೇ ತರಗತಿಯ ತಮ್ಮನಿಗೆ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠ ಬರುತ್ತಿದ್ದುದರಿಂದ ಅವನಿಗೆ ಟಿ.ವಿ, ನನಗೆ ಫೋನ್ ಎಂದು ಅಮ್ಮ ಪಾಲು ಮಾಡಿದ್ದರು. ಅಪ್ಪ ಬೆಳಿಗ್ಗೆ ಟೆಂಪೊ ತೆಗೆದುಕೊಂಡು ಹೋದರೆ ಫೋನೂ ಹೋಗುತ್ತಿತ್ತು. ಹಾಗಾಗಿ ಹಗಲಿನ ಆನ್‌ಲೈನ್ ಕ್ಲಾಸ್ ನನಗೆ ಸಿಗುತ್ತಿರಲಿಲ್ಲ. ರಾತ್ರಿ ಒಂಬತ್ತರ ಮೇಲೆ ಯೂಟ್ಯೂಬ್ ಪಾಠಗಳನ್ನು ನೋಡುತ್ತಿದ್ದೆ. ಒಂದು ಅನುಕೂಲವೆಂದರೆ ಅರ್ಥವಾಗದ ಇಂಗ್ಲಿಷ್ ವಾಕ್ಯವನ್ನು ನಿಲ್ಲಿಸಿ ಐದು ಸಲ ಕೇಳಬಹುದಿತ್ತು. ತರಗತಿಯಲ್ಲಿ ಮೇಷ್ಟ್ರನ್ನು ಐದು ಸಲ ಕೇಳುವ ಧೈರ್ಯ ನನಗಿರಲಿಲ್ಲ. ಜನವರಿಯಲ್ಲಿ ಕಾಲೇಜು ತೆರೆದಾಗ ಪ್ರಶ್ನೆಗಳು ಅರ್ಥವಾಗತೊಡಗಿದ್ದವು. ಮಾರ್ಚ್‌ನಲ್ಲಿ ಕಾಲೇಜು ಮಟ್ಟದಲ್ಲಿ ಮಾಡಿದ ಟೆಸ್ಟ್‌ನಲ್ಲಿ ಭೌತಶಾಸ್ತ್ರದಲ್ಲಿ 50ಕ್ಕೆ 39 ಬಂತು. ಮೇಷ್ಟ್ರು ಉತ್ತರ ಪತ್ರಿಕೆ ಕೊಡುವಾಗ ಏನೂ ಹೇಳಲಿಲ್ಲ, ಹುಬ್ಬು ಹಾರಿಸಿದರು ಅಷ್ಟೇ. ನನಗೆ ಅದೇ ಸಾಕಾಗಿತ್ತು.

ಆ 39, ಸೂತ್ರದ ಹತ್ತು ಅಂಕಗಳ ಒಳಗೆ ಎಲ್ಲಿ ಕರಗಿತೋ ಗೊತ್ತಾಗಲಿಲ್ಲ. ಫಲಿತಾಂಶದಲ್ಲಿ ನನಗೆ ಸುಮಾರು ಶೇ 70 ಬಂತು. ಊರಿನವರ ದೃಷ್ಟಿಯಲ್ಲಿ ಪರೀಕ್ಷೆ ಬರೆಯದೆ ಫಸ್ಟ್ ಕ್ಲಾಸ್! ನನ್ನ ದೃಷ್ಟಿಯಲ್ಲಿ ಅದು ಹದಿನೈದು ವರ್ಷದ ಒಬ್ಬ ಹುಡುಗಿಯ ಮತ್ತು ಹದಿನಾರು ವರ್ಷದ ಒಬ್ಬ ಹುಡುಗಿಯ ಅಂಕ. ಹದಿನೇಳು ವರ್ಷದ ನಾನು ಅದರಲ್ಲಿ ಇರಲೇ ಇಲ್ಲ.

ಫಲಿತಾಂಶ ಒಪ್ಪದವರು ಅಂಕ ತಿರಸ್ಕರಿಸಿ ಆಗಸ್ಟ್ 19ರಿಂದ ನಡೆಯುವ ಪರೀಕ್ಷೆ ಬರೆಯಬಹುದಿತ್ತು. ಆದರೆ ಅದು ಸೆಪ್ಟೆಂಬರ್ 3ರವರೆಗೆ ಇತ್ತು, ಮಧ್ಯದಲ್ಲಿ ಆಗಸ್ಟ್ 28ರಿಂದ ಸಿಇಟಿ. ಕೈಯಲ್ಲಿದ್ದ ಶೇ 70 ಬಿಟ್ಟು, ಸಿಇಟಿ ತಯಾರಿಯನ್ನೂ ಬದಿಗಿಟ್ಟು ಮತ್ತೆ ಪರೀಕ್ಷೆಗೆ ಕೂರಲು ನನಗೆ ಎದೆಗಾರಿಕೆ ಸಾಲಲಿಲ್ಲ. ಅವಕಾಶ ಕಾಗದದ ಮೇಲೆ ಇತ್ತು, ಬಳಸುವ ಸ್ಥಿತಿಯಲ್ಲಿ ನಾವಿರಲಿಲ್ಲ.

ಪಾಸಾಗಿದ್ದರಿಂದ ಬದುಕಿದ ಓದು

ಇಷ್ಟನ್ನೇ ಬರೆದು ನಿಲ್ಲಿಸಿದರೆ ಅರ್ಧ ಸತ್ಯವಾಗುತ್ತದೆ. ನಮ್ಮ ಪಕ್ಕದ ಮನೆಯ ಗೆಳತಿ ಕಲಾ ವಿಭಾಗದಲ್ಲಿದ್ದಳು. ಇಂಗ್ಲಿಷ್ ಎಂದರೆ ಅವಳಿಗೆ ಕೈಕಾಲು ನಡುಗುತ್ತಿತ್ತು. ‘ಈ ಸಲ ಫೇಲಾದರೆ ಸೋದರಮಾವನ ಮನೆಯವರಿಗೆ ಹೇಳಿಬಿಡುತ್ತೇವೆ’ ಎಂದು ಅವಳ ಮನೆಯಲ್ಲಿ ಬಹಿರಂಗವಾಗಿಯೇ ಮಾತಾಗಿತ್ತು. ಎಲ್ಲರೂ ಪಾಸ್ ಎಂದಾಗ ಅವಳ ಮನೆಯವರಿಗೆ ಕೊಡಲು ನೆಪ ಇಲ್ಲವಾಯಿತು. ಬಿ.ಎ ಸೇರಿದಳು. ಅಲ್ಲಿ ಎಲ್ಲ ಸೆಮಿಸ್ಟರ್‌ಗಳನ್ನೂ ಪರೀಕ್ಷೆ ಬರೆದೇ ಪಾಸಾದಳು, ಇಂಗ್ಲಿಷೂ ಸೇರಿ. ಈಗ ಬಿ.ಇಡಿ ಓದುತ್ತಿದ್ದಾಳೆ.

ಬೇರೆ ವರ್ಷಗಳಲ್ಲಿ ಪಾಸಾಗುತ್ತಿದ್ದವರು ನೂರಕ್ಕೆ ಸುಮಾರು 62. ಹಿಂದೆ ಫೇಲಾಗಿ ಮತ್ತೆ ಬರೆದವರನ್ನು ಈ ಲೆಕ್ಕದಿಂದ ಹೊರಗಿಟ್ಟರೂ ನಮ್ಮ ಬ್ಯಾಚಿನಲ್ಲಿ ಲಕ್ಷಕ್ಕಿಂತ ಹೆಚ್ಚು ಮಂದಿ ಬೇರೆ ವರ್ಷವಾಗಿದ್ದರೆ ಫೇಲಾಗುತ್ತಿದ್ದರು ಎನ್ನಬಹುದು. ‘ಯೋಗ್ಯತೆ ಇಲ್ಲದವರೂ ಪಾಸಾದರು’ ಎನ್ನುವವರು ನನ್ನ ಗೆಳತಿಯನ್ನು ಒಮ್ಮೆ ನೋಡಬೇಕು. ಒಂದು ವಿಷಯದಲ್ಲಿ, ಒಂದು ಮಧ್ಯಾಹ್ನ, ಮೂರು ಗಂಟೆಯಲ್ಲಿ ಸೋಲುವುದು ಎಂದರೆ ಯೋಗ್ಯತೆ ಇಲ್ಲ ಎಂದಲ್ಲ. ಹಳ್ಳಿಯ ಹುಡುಗಿಗೆ ಹಾಗೆ ಸೋಲುವುದು ಎಂದರೆ ಓದೇ ಮುಗಿಯಿತು ಎಂದು ಅರ್ಥ.

ಹೀಗಾಗಿ ನನ್ನನ್ನು ಕೆಳಕ್ಕೆ ಹಿಡಿದ ಸೂತ್ರವೇ ಅವಳನ್ನು ಎತ್ತಿ ಹಿಡಿಯಿತು. ‘ಕೊರೊನಾ ಬ್ಯಾಚ್’ ಎಂಬ ಎರಡು ಪದದಲ್ಲಿ ನಮ್ಮಿಬ್ಬರನ್ನೂ ಒಟ್ಟಿಗೆ ಕಟ್ಟಿಹಾಕುವುದು ಎಷ್ಟು ಸರಿ?

ಅಂಕ ತಂದ ಗೊಂದಲ

ಆ ಅಂಕಗಳನ್ನು ಏನು ಮಾಡಬೇಕೆಂದು ವ್ಯವಸ್ಥೆಗೂ ಗೊತ್ತಿರಲಿಲ್ಲ. 2021ರ ಸಿಇಟಿ ರ‍್ಯಾಂಕಿಂಗ್‌ನಲ್ಲಿ ಪಿಯುಸಿ ಅಂಕ ಪರಿಗಣಿಸಲಿಲ್ಲ, ಸಿಇಟಿ ಅಂಕ ಮಾತ್ರ. ಮರುವರ್ಷ ಹಳೆಯ ಪದ್ಧತಿಯಂತೆ ಎರಡಕ್ಕೂ ಅರ್ಧರ್ಧ ತೂಕ ಬಂತು. ಆದರೆ 2021ರಲ್ಲಿ ಪಿಯುಸಿ ಮುಗಿಸಿ 2022ರಲ್ಲಿ ಮತ್ತೆ ಸಿಇಟಿ ಬರೆದ ಸುಮಾರು 24 ಸಾವಿರ ವಿದ್ಯಾರ್ಥಿಗಳಿಗೆ ಮಾತ್ರ ಸಿಇಟಿ ಅಂಕವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಲಾಯಿತು. ರ‍್ಯಾಂಕ್ ಪಾತಾಳಕ್ಕೆ ಇಳಿದಿದೆ ಎಂದು ವಿದ್ಯಾರ್ಥಿಗಳು ಹೈಕೋರ್ಟ್ ಮೆಟ್ಟಿಲೇರಿದರು. 2022ರ ಸೆಪ್ಟೆಂಬರ್‌ನಲ್ಲಿ ಏಕಸದಸ್ಯ ಪೀಠ ಪಿಯುಸಿ ಅಂಕವನ್ನೂ ಪರಿಗಣಿಸುವಂತೆ ಹೇಳಿತು. ಸರ್ಕಾರ ಮೇಲ್ಮನವಿ ಸಲ್ಲಿಸಿತು. ಕೊನೆಗೆ ವಿಭಾಗೀಯ ಪೀಠದ ಮುಂದೆ, 2021ರ ಬ್ಯಾಚಿನವರ ಪಿಯುಸಿ ಅಂಕವನ್ನು ಒಂದಿಷ್ಟು ಕಡಿತ ಮಾಡಿ ಸೇರಿಸಿಕೊಳ್ಳುವ ಹೊಂದಾಣಿಕೆ ಸೂತ್ರಕ್ಕೆ ಒಪ್ಪಿಗೆ ಸಿಕ್ಕಿ ರ‍್ಯಾಂಕ್ ಪಟ್ಟಿ ಮತ್ತೆ ತಯಾರಾಯಿತು.

ಎರಡೂ ಕಡೆಯ ವಾದದಲ್ಲಿ ಹುರುಳಿತ್ತು. ಪರೀಕ್ಷೆ ಬರೆದು ಗಳಿಸಿದ 2022ರವರ ಅಂಕವನ್ನೂ, ಸೂತ್ರದಿಂದ ಬಂದ ನಮ್ಮ ಅಂಕವನ್ನೂ ಒಂದೇ ಎನ್ನಲಾಗದು. ಹಾಗೆಂದು ಸರ್ಕಾರವೇ ಸಹಿ ಹಾಕಿ ಕೊಟ್ಟ ಅಂಕಪಟ್ಟಿಯನ್ನು ಸರ್ಕಾರವೇ ಲೆಕ್ಕಕ್ಕಿಲ್ಲ ಎನ್ನುವುದು ಹೇಗೆ? ಅಂಕ ಕೊಡುವ ದಿನವೇ ‘ಮುಂದೆ ಇದನ್ನು ಎಲ್ಲೆಲ್ಲಿ, ಹೇಗೆ ಬಳಸುತ್ತೇವೆ’ ಎಂದು ಬರೆದಿಟ್ಟಿದ್ದರೆ 24 ಸಾವಿರ ಮನೆಗಳು ಅಷ್ಟು ದಿನ ನಿದ್ದೆಗೆಡಬೇಕಿರಲಿಲ್ಲ.

ಉದ್ಯೋಗ ಹುಡುಕುವವರಿಗೆ ಇದು ಹಳೆಯ ಕಥೆಯಲ್ಲ. ಗ್ರಾಮ ಲೆಕ್ಕಿಗರನ್ನು ಹಿಂದೆ ಪಿಯುಸಿ ಅಂಕಗಳ ಆಧಾರದಲ್ಲೇ ಆಯ್ಕೆ ಮಾಡುತ್ತಿದ್ದರು. 2024ರಲ್ಲಿ ಸಾವಿರ ಗ್ರಾಮ ಆಡಳಿತಾಧಿಕಾರಿ ಹುದ್ದೆಗಳಿಗೆ ಸ್ಪರ್ಧಾತ್ಮಕ ಪರೀಕ್ಷೆ ನಡೆಯಿತು. ಹಳೆಯ ಪದ್ಧತಿಯೇ ಮುಂದುವರಿದಿದ್ದರೆ 600ಕ್ಕೆ 600 ತೆಗೆದ 2,239 ಮಂದಿಯ ಎದುರು ಬೇರೆ ವರ್ಷದವರು ಏನು ಮಾಡಬೇಕಿತ್ತು? ನಮ್ಮ ಬ್ಯಾಚಿನಲ್ಲೇ ತಡವಾಗಿ ಕಣ್ಣುಬಿಟ್ಟ ನನ್ನಂಥವರ ಗತಿ ಏನಾಗುತ್ತಿತ್ತು? ಪರೀಕ್ಷೆ ಇಟ್ಟದ್ದು ಎಲ್ಲರಿಗೂ ಒಳ್ಳೆಯದಾಯಿತು. ಗ್ರಾಮೀಣ ಡಾಕ್ ಸೇವಕರ ನೇಮಕಾತಿ ಮಾತ್ರ ಹತ್ತನೇ ತರಗತಿ ಅಂಕಗಳ ಮೇಲೆಯೇ ನಡೆಯುತ್ತಿದೆ. ಬೇರೆ ಬೇರೆ ಬೋರ್ಡು, ಬೇರೆ ಬೇರೆ ವರ್ಷಗಳ ಅಂಕವನ್ನು ಒಂದೇ ಪಟ್ಟಿಯಲ್ಲಿ ಪೋಣಿಸುವುದು ಎಷ್ಟು ನ್ಯಾಯ ಎಂಬ ಪ್ರಶ್ನೆ ಅಲ್ಲೂ ಇದೆ.

ಬ್ಯುರೆಟ್ ಹಿಡಿಯದ ಕೈಗಳು

ಅಂಕದ ಜಗಳದಲ್ಲಿ ಎಲ್ಲರೂ ಮರೆತದ್ದು ಕಲಿಕೆಯನ್ನು. ಸಿಇಟಿಯಲ್ಲಿ ನನಗೆ ಬಂದ ರ‍್ಯಾಂಕ್‌ಗೆ ಸರ್ಕಾರಿ ಸೀಟು ಸಿಗುವಂತಿರಲಿಲ್ಲ, ಖಾಸಗಿ ಕಾಲೇಜಿನ ಶುಲ್ಕ ನಮ್ಮ ಮನೆಗೆ ಆಗುವಂತಿರಲಿಲ್ಲ. ತಾಲ್ಲೂಕಿನ ಪದವಿ ಕಾಲೇಜಿನಲ್ಲಿ ಬಿ.ಎಸ್ಸಿ ಸೇರಿದೆ. ಮೊದಲ ಸೆಮಿಸ್ಟರ್‌ನ ಒಂದು ದಿನ ರಸಾಯನಶಾಸ್ತ್ರದ ಮೇಡಂ ಲ್ಯಾಬ್‌ನಲ್ಲಿ ‘ಬ್ಯುರೆಟ್ ಹಿಡಿದು ಟೈಟ್ರೇಷನ್ ಮಾಡಿದವರು ಕೈ ಎತ್ತಿ’ ಎಂದರು. ನಲವತ್ತು ಜನರಲ್ಲಿ ಎದ್ದದ್ದು ಆರು ಕೈ. ನಾವೆಲ್ಲ ವಿಜ್ಞಾನದಲ್ಲಿ ಪಿಯುಸಿ ಪಾಸಾದವರೇ! ಮೇಡಂ ಒಂದು ನಿಮಿಷ ಸುಮ್ಮನಿದ್ದು, ಆ ದಿನದ ಪ್ರಯೋಗ ಬಿಟ್ಟು ಬ್ಯುರೆಟ್ ತೊಳೆಯುವುದರಿಂದ ಶುರು ಮಾಡಿದರು. ಎರಡು ವಾರ ಪಿಯುಸಿಯ ಪ್ರಯೋಗಗಳನ್ನೇ ಮಾಡಿಸಿದರು. ಅವರಿಗೆ ಹಾಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ. ಉಳಿದ ವಿಷಯಗಳಲ್ಲಿ ಪಾಠ ನೇರವಾಗಿ ಪದವಿಯದ್ದೇ. ಹಿಂದಿನದು ಬರುತ್ತದೆ ಎಂದೇ ಎಲ್ಲರೂ ಭಾವಿಸಿದ್ದರು.

ಅದೇ ವರ್ಷ ಕರ್ನಾಟಕ ದೇಶದಲ್ಲೇ ಮೊದಲಿಗೆ ರಾಷ್ಟ್ರೀಯ ಶಿಕ್ಷಣ ನೀತಿ ಜಾರಿಗೆ ತಂದಿತು. ಅದಕ್ಕೂ ಮೊದಲ ಬ್ಯಾಚ್ ನಾವೇ. ನಾಲ್ಕು ವರ್ಷದ ಆನರ್ಸ್, ಓಪನ್ ಎಲೆಕ್ಟಿವ್, ‘ಡಿಜಿಟಲ್ ಫ್ಲೂಯೆನ್ಸಿ’ ಎಂಬ ಹೊಸ ವಿಷಯ. ಅಪ್ಪನ ಫೋನಿನಲ್ಲಿ ಒಂದು ವರ್ಷ ಓದಿ ಬಂದವರಿಗೆ ಡಿಜಿಟಲ್ ಪಾಠ! 2024ರ ಮೇ ತಿಂಗಳಲ್ಲಿ, ನಮ್ಮ ಮೂರು ವರ್ಷ ಮುಗಿಯುವ ಹೊತ್ತಿಗೆ, ಹೊಸದಾಗಿ ಸೇರುವವರಿಗೆ ಮತ್ತೆ ಮೂರು ವರ್ಷದ ಪದವಿ ಎಂದು ಸರ್ಕಾರ ಆದೇಶಿಸಿತು. ನಾನು ಮೂರು ವರ್ಷಕ್ಕೇ ಪದವಿ ಪಡೆದು ಹೊರಬಂದೆ. ಹದಿನೇಳರಿಂದ ಇಪ್ಪತ್ತರವರೆಗೆ ನಾವು ಬರೆದ ಪರೀಕ್ಷೆಗಳಿಗಿಂತ ನಮ್ಮ ಮೇಲೆ ನಡೆದ ಪರೀಕ್ಷೆಗಳೇ ಹೆಚ್ಚು.

ಮುಂದಿನ ಬ್ಯಾಚಿಗಾದರೂ

ಅತ್ತು ಪ್ರಯೋಜನವಿಲ್ಲ. ಆದರೆ ಇಂಥದ್ದು ಮತ್ತೆ ಬರುವುದಿಲ್ಲ ಎಂದು ಹೇಳಲು ಯಾರಿಂದಲೂ ಆಗದು. ಸಾಂಕ್ರಾಮಿಕವೇ ಆಗಬೇಕೆಂದಿಲ್ಲ, ಪ್ರವಾಹ ಬಂದರೂ ತಿಂಗಳುಗಟ್ಟಲೆ ಕಾಲೇಜು ಮುಚ್ಚಬಹುದು. ಆಗ ಏನು ಮಾಡಬೇಕು ಎಂಬುದು ಈಗಲೇ, ಆರಾಮಾಗಿರುವ ಹೊತ್ತಿನಲ್ಲೇ ನಿಯಮವಾಗಬೇಕು. ಎಲ್ಲ ಕಾಲೇಜುಗಳಲ್ಲೂ ಒಂದೇ ಪ್ರಶ್ನೆಪತ್ರಿಕೆಯ ಎರಡು ಮೂರು ಟೆಸ್ಟ್‌ಗಳು ಕಡೆಯ ವರ್ಷದಲ್ಲಿ ನಡೆದು ಅವುಗಳ ಅಂಕ ಇಲಾಖೆಯಲ್ಲಿ ದಾಖಲಾಗಿದ್ದರೆ, ಅಂತಿಮ ಪರೀಕ್ಷೆ ನಿಂತರೂ ಆ ವರ್ಷದ ಓದು ವ್ಯರ್ಥವಾಗುವುದಿಲ್ಲ. ಜೊತೆಗೆ, ಪರೀಕ್ಷೆ ಇಲ್ಲದೆ ಮುಂದಕ್ಕೆ ಕಳಿಸಿದವರಿಗೆ ಮುಂದಿನ ಹಂತದಲ್ಲಿ ಕನಿಷ್ಠ ಒಂದು ತಿಂಗಳ ಸೇತುಬಂಧ ಕಡ್ಡಾಯವಾಗಬೇಕು. ಅದು ಒಬ್ಬ ಒಳ್ಳೆಯ ಮೇಡಂ ಸಿಗುವ ಅದೃಷ್ಟದ ಮೇಲೆ ನಿಲ್ಲಬಾರದು.

ಒಂದು ಒಳ್ಳೆಯ ಹೆಜ್ಜೆ ಈಗಾಗಲೇ ಬಿದ್ದಿದೆ. 2023–24ರಿಂದ ದ್ವಿತೀಯ ಪಿಯುಸಿಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಯಾವುದರಲ್ಲಿ ಹೆಚ್ಚು ಅಂಕ ಬಂದಿದೆಯೋ ಅದನ್ನು ಉಳಿಸಿಕೊಳ್ಳಬಹುದು. ಮೌಲ್ಯಮಾಪಕರ ಹೊರೆ, ಗುಣಮಟ್ಟ ಎಂದೆಲ್ಲ ಇದನ್ನು ಟೀಕಿಸುವವರಿದ್ದಾರೆ. ಆದರೆ ಒಂದು ಸಲ ಜಾರಿದವರಿಗೆ ಮತ್ತೊಂದು ಸಲ ಹತ್ತಲು ಬಿಡುವುದರ ಬೆಲೆ ನಮ್ಮ ಬ್ಯಾಚಿಗೆ ಗೊತ್ತು. 2021ರಲ್ಲಿ ನಮ್ಮಿಂದ ಹೋದದ್ದು ಅಂಕವಲ್ಲ, ಈ ಎರಡನೇ ಅವಕಾಶವೇ.

ಇನ್ನು ಕೆಲಸ ಕೊಡುವವರಿಗೆ ಒಂದು ಮನವಿ. ನಮ್ಮ ಪಿಯುಸಿ ಅಂಕವನ್ನು ನಂಬಬೇಡಿ, ಪರವಾಗಿಲ್ಲ. ನಾವೂ ಪೂರ್ತಿ ನಂಬಿಲ್ಲ. ಆದರೆ ಆಮೇಲೆ ಆರು ಸೆಮಿಸ್ಟರ್ ಪರೀಕ್ಷೆ ಬರೆದಿದ್ದೇವೆ, ಅದನ್ನು ನೋಡಿ. ಅದೂ ಸಾಲದಿದ್ದರೆ ನೀವೇ ಒಂದು ಪರೀಕ್ಷೆ ಕೊಡಿ, ಸಂತೋಷದಿಂದ ಬರೆಯುತ್ತೇವೆ. ಪರೀಕ್ಷೆ ಬೇಡ ಎಂದು ನಾವು ಯಾವತ್ತೂ ಕೇಳಿರಲಿಲ್ಲ.

ಮುಂದಿನ ವಾರ ಇನ್ನೊಂದು ಸಂದರ್ಶನವಿದೆ. ಅಲ್ಲೂ ಯಾರಾದರೂ ‘ಕೊರೊನಾ ಬ್ಯಾಚಾ?’ ಎಂದು ಕೇಳಬಹುದು. ಈ ಸಲ ನಗುವುದಿಲ್ಲ. ‘ಹೌದು ಸರ್, ಒಂದು ಫೋನಿನಲ್ಲಿ ರಾತ್ರಿ ಹೊತ್ತು ಓದಿದ ಬ್ಯಾಚ್. ಏನು ಓದಿದೆ ಎಂದು ಕೇಳಿ, ಹೇಳುತ್ತೇನೆ’ ಎನ್ನುತ್ತೇನೆ. ಮಾರ್ಚ್‌ನ ಆ ಟೆಸ್ಟ್ ಪೇಪರ್ ಇನ್ನೂ ನನ್ನ ಫೈಲಿನಲ್ಲೇ ಇದೆ. 50ಕ್ಕೆ 39. ಯಾವ ಅಂಕಪಟ್ಟಿಯಲ್ಲೂ ಕಾಣದ, ಆದರೆ ನಾನೇ ಬರೆದು ಗಳಿಸಿದ ಅಂಕ.